ಕಸಬರಿಗೆ ಮುಟ್ಟದ ಎರಡು ದಿನ

ಐರ್ಲೆಂಡಿಗೆ ಬಂದ ನಾಲ್ಕನೇ ತಿಂಗಳಲ್ಲಿ, ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಎಂಬತ್ತು ದಾಟಿದ ಅಜ್ಜಿಯ ಕೈಯಿಂದ ಕಸಬರಿಗೆ ಕಸಿದುಕೊಂಡೆ. ಬಾಯಿಂದ ಬಂದದ್ದು ಇಂಗ್ಲಿಷ್ ಅಲ್ಲ, ನಮ್ಮೂರು ಇಳಕಲ್ಲಿನ ಅಪ್ಪಟ ಮಾತು: "ಬ್ಯಾಡಬೇ ಯವ್ವಾ, ಈಗ ಕಸಾ ಹೊಡಿಬ್ಯಾಡ!"

ಅಜ್ಜಿಯ ಹೆಸರು ನೋರಾ. ಅರ್ಧ ಗಂಟೆಯ ಹಿಂದಷ್ಟೇ ಅವರ ಮೊಮ್ಮಗಳು ಮೇವ್ ಆಸ್ಟ್ರೇಲಿಯಾಕ್ಕೆ ಹೊರಟಿದ್ದಳು. ಅವಳೂ ನನ್ನ ಹಾಗೆ ನರ್ಸು. ನಾನು ಸಮುದ್ರ ದಾಟಿ ಯಾವ ಆಸ್ಪತ್ರೆಗೆ ಬಂದೆನೋ ಅದೇ ಆಸ್ಪತ್ರೆ ಅವಳಿಗೆ ಸಾಕಾಗಿತ್ತು. ಬೇರೆ ದಿನವಾಗಿದ್ದರೆ ನಾನೂ ನೋರಾರೂ ಈ ಅದಲುಬದಲಿಗೆ ಬಿದ್ದು ಬಿದ್ದು ನಗುತ್ತಿದ್ದೆವು.

ಬೆಚ್ಚಿದ ನೋರಾ ಕುರ್ಚಿಯಲ್ಲಿ ಕೂತರು. ನಾಚಿಕೆಯಿಂದಲೇ ಹೇಳಿದೆ: ನಮ್ಮಲ್ಲಿ ಹೆಣ ಎತ್ತಿದ ಮೇಲೆ ಮನೆ ಗುಡಿಸುತ್ತಾರೆ. ಅದಕ್ಕೇ ಊರಿಗೆ ಹೊರಟವರ ಬೆನ್ನಿಗೆ ಗುಡಿಸಬಾರದು, ಅವರು ಹೋದ ಊರು ಮುಟ್ಟಿದ ಸುದ್ದಿ ಬರುವ ತನಕ ಕಾಯಬೇಕು. ನಾನು ಹೊರಟಾಗ ಅವ್ವ ಕಸಬರಿಗೆಯನ್ನು ಮನೆಯ ಸೀರೆ ಮಗ್ಗದ ಹಿಂದೆ ಬಚ್ಚಿಟ್ಟಿದ್ದಳು.

"ನಮ್ಮಲ್ಲಿ ಇದರ ಉಲ್ಟಾ" ಎಂದರು ನೋರಾ. ಇಲ್ಲಿ ಹೆಣದ ಸುತ್ತ ಊರವರು ಕೂತು ಕಾಯುವುದಕ್ಕೆ 'ವೇಕ್' ಎನ್ನುತ್ತಾರೆ. ಹಿಂದೆ ಅಮೆರಿಕಕ್ಕೆ ಹೋಗುವವರಿಗೂ ಜೀವವಿರುವಾಗಲೇ ವೇಕ್ ಮಾಡುತ್ತಿದ್ದರಂತೆ. ಹಾಡು, ಕುಣಿತ, ಕೊನೆಗೆ ಗೋಳಾಟ. ಹಡಗು ಹತ್ತಿದವರು ತಿರುಗಿ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ನೋರಾರ ಅಕ್ಕ ಹಾಗೆ ಬಾಸ್ಟನ್ನಿಗೆ ಹೋದರು. ಪತ್ರಗಳು ಬಂದವು, ಅಕ್ಕ ಬರಲಿಲ್ಲ.

"ಮೇವ್ ಬರುತ್ತಾಳಲ್ಲವಾ?" ಎಂದು ನನ್ನನ್ನೇ ಕೇಳಿದರು. "ಕಸ ಇರಲಿ" ಎಂದೆ.

ಅವಳು ಆಸ್ಟ್ರೇಲಿಯಾ ಮುಟ್ಟಿದ ಫೋನು ಬರುವವರೆಗೆ, ಎರಡು ದಿನ, ಸೋಡಾ ಬ್ರೆಡ್ಡಿನ ಪುಡಿ ತುಳಿಯುತ್ತಲೇ ಓಡಾಡಿದೆವು. ಹಿಟ್ಟಿಗೆ ಸೋಡಾ, ಮಜ್ಜಿಗೆ ಹಾಕಿ ಬೇಯಿಸುವ ಬ್ರೆಡ್ಡು ಅದು. ಆ ಹುಳಿ ವಾಸನೆಗೆ ನನಗೆ ಅವ್ವನ ಜೋಳದ ನುಚ್ಚು, ಮಜ್ಜಿಗೆ ನೆನಪಾಗುತ್ತಿತ್ತು. ಹೊರಗೆ ಜಿಟಿಜಿಟಿ ಮಳೆ. ಇಳಕಲ್ಲಿನ ಉರಿಬಿಸಿಲಿಗೆ ಇಷ್ಟು ಹಂಬಲಿಸುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಫೋನು ಬಂದಾಗ ನೋರಾ ತಾವೇ ಎದ್ದು ಗುಡಿಸಿದರು, ಅಳುತ್ತಾ.

ಮೇವ್ ಫೋನು ಮಾಡುತ್ತಲೇ ಇರುತ್ತಾಳೆ, ಇನ್ನೂ ಬಂದಿಲ್ಲ.

ಎರಡು ವರ್ಷದ ಮೇಲೆ ರಜೆಗೆಂದು ಇಳಕಲ್ಲಿಗೆ ಹೋದೆ. ಕೈಕಾಲು ತೊಳೆದು ಅವ್ವನ ಬದಿಗೆ ಕೂತಿದ್ದೆನಷ್ಟೇ, ಫೋನು ಬಂತು. ನೋರಾ. "ಮುಟ್ಟಿದೆಯಾ? ಬೇಗ ಹೇಳು, ಅಡುಗೆಮನೆಯೆಲ್ಲ ಕಸವಾಗಿದೆ."

"ಯಾರದವಾ ಫೋನು?" ಅವ್ವ ಕೇಳಿದಳು.

"ಮನಿಯಿಂದ ಬೇ" ಅಂದುಬಿಟ್ಟೆ.

ಅವ್ವನ ಮುಖ ಸಣ್ಣದಾಯಿತು. "ಮತ್ತ ಇದು ಯಾರ ಮನಿ?"

ಅಲ್ಲಿ ನೋರಾ ಕಸ ಹೊಡೆಯದೆ ನನ್ನ ಸುದ್ದಿಗೆ ಕಾಯುತ್ತಿದ್ದಾರೆಂದು ತಿಳಿಸಿದೆ. ಅವಳು ನನ್ನ ತಲೆ ಸವರಿದಳು. "ನೀ ಮುಟ್ಟೀದಿ ಅಂತ ಹೇಳು ಆಕಿಗೆ. ಪಾಪ, ಕಸಾನರ ಹೊಡಕೊಳ್ಳಲಿ."

ಹೇಳಿದೆ. ಇಪ್ಪತ್ತು ದಿನ ಕಳೆದು ನಾನು ಹೊರಟಾಗ, ಕಸಬರಿಗೆ ಮತ್ತೆ ಮಗ್ಗದ ಹಿಂದೆ ಹೋಯಿತು. ಕಸದ ನಡುವೆ ಕೂತು ಕಾಯುವ ಸರದಿ ಈಗ ಅವ್ವನದು.