ಶರೀಫುನ್ನೀಸಾಳ ಐದು ಬೆರಳು

ಶರೀಫುನ್ನೀಸಾ ಮಳವಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಕೀವು, ವಾಂತಿ, ಹುಳುಬಿದ್ದ ಗಾಯ ಯಾವುದಕ್ಕೂ ಅವಳು ಮೂಗು ಮುಚ್ಚಿಕೊಂಡವಳಲ್ಲ. ಅವಳಿಗೆ ಹೇಸಿಗೆಯಾಗುತ್ತಿದ್ದದ್ದು ಜನರ ಒಂದೇ ಒಂದು ಮಾತಿಗೆ: "ತಲೆ ಕೆಟ್ಟದೆ, ಬುಡಿ."

ಆ ಮಾತನ್ನು ಒಮ್ಮೆ ಅವಳೂ ಆಡಿದ್ದಳು. ಮಂಡ್ಯದಲ್ಲಿ ಕೆಲಸಕ್ಕೆ ಸೇರಿದ ಹೊಸತು. ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದ ಶಿವಯ್ಯ ಎಂಬಾತನನ್ನು ಹಿಡಿದು ತಂದಿದ್ದರು. ಕಂಡಕಂಡವರಿಗೆ ಬೈಯುತ್ತ ಉಗಿಯುತ್ತಿದ್ದ. ಕುಡಿದಿದ್ದಾನೆ ಎಂದರು ಎಲ್ಲರೂ. ಇಲ್ಲ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಬಿಟ್ಟಿದ್ದಾನೆ ಎಂದು ಹೆಂಡತಿ ಗೋಗರೆದಳು. ಯಾರೂ ಕಿವಿಗೊಡಲಿಲ್ಲ. ಶರೀಫುನ್ನೀಸಾ ನಗುನಗುತ್ತಲೇ ಅವನ ಕೈಗಳನ್ನು ಮಂಚಕ್ಕೆ ಕಟ್ಟಿದಳು. ಅವನು ಸುಮ್ಮನಾದಾಗ ನಿದ್ದೆ ಬಂತು ಎಂದುಕೊಂಡಳು. ರಕ್ತದಲ್ಲಿ ಸಕ್ಕರೆ ತಳ ಕಂಡಿತ್ತು. ಶಿವಯ್ಯ ಮತ್ತೆ ಏಳಲಿಲ್ಲ.

ಎಷ್ಟೋ ದಿನ ಆ ಕೈಯಲ್ಲಿ ಅನ್ನ ಕಲಸಲು ಅವಳಿಗೆ ಅಸಹ್ಯವಾಗುತ್ತಿತ್ತು. ಕೊನೆಗೆ ಅದೇ ಕೈಯನ್ನು ಪಾಠ ಮಾಡಿಕೊಂಡಳು. ದಿಢೀರನೆ ಬುದ್ಧಿ ತಪ್ಪಿದವರು ಬಂದರೆ ಒಂದೊಂದೇ ಬೆರಳು ಮಡಚುವುದು. ಹೆಬ್ಬೆರಳು ಉಸಿರು. ಸೂಜಿ ಚುಚ್ಚಿ ರಕ್ತ ನೋಡುವ ತೋರುಬೆರಳು ಸಕ್ಕರೆ. ಎಲ್ಲಕ್ಕಿಂತ ಮೇಲೇರಿದ ನಡುಬೆರಳು ಜ್ವರ, ಸೋಂಕು. ಉಂಗುರದ ಬೆರಳು ಹೊರಗಿನಿಂದ ಮೈ ಸೇರಿದ್ದು, ಅಂದರೆ ಮಾತ್ರೆ ಅಥವಾ ಹೆಂಡ. ಶಾಲೆಯ ಮಕ್ಕಳು ಒಂದಕ್ಕೆ ಹೋಗಲು ಎತ್ತಿ ತೋರಿಸುವ ಕಿರುಬೆರಳು, ಉಚ್ಚೆ. ಆಮೇಲೆ ಅಂಗೈಯಿಂದ ತಲೆ ಸವರಿ ಪೆಟ್ಟು ಬಿದ್ದಿದೆಯೇ ಎಂದು ನೋಡುವುದು.

ಕಳೆದ ವರ್ಷ ಒಂದು ಮಧ್ಯಾಹ್ನ ಬಂಡೂರು ಕಡೆಯ ಶಿವರಾಜು ತನ್ನ ತಾಯಿ ಪಟ್ಟಲಮ್ಮನನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದ. ಎಪ್ಪತ್ತು ದಾಟಿದ ಮುದುಕಿ, ಮೂರು ದಿನದ ಹಿಂದಿನವರೆಗೂ ಕುರಿ ಮೇಯಿಸುತ್ತಿದ್ದವಳು. ಈಗ ಇಲ್ಲದ ಕುರಿಗಳನ್ನು ಗೋಡೆಯ ಮೇಲಿಂದ ಅಟ್ಟುತ್ತಿದ್ದಳು. ಕೈಗೆ ಹಗ್ಗ ಬಿಗಿದಿದ್ದರು. ಸೀರೆ ಜಾರಿತ್ತು. ಮೈಯೆಲ್ಲ ಸುಟ್ಟ ಮೆಣಸಿನಕಾಯಿಯ ಘಾಟು.

"ಗಾಳಿ ಮೆಟ್ಕಂಡದೆ ಅಂದ್ರು ಸಿಸ್ಟರ್. ಒಗೆ ಆಕ್ಸ್ದೊ," ಎಂದ ಶಿವರಾಜು. ಅವನ ಕಣ್ಣು ಫೋನಿನ ಮೇಲಿತ್ತು. ತಾಯಿಯ ಅವಸ್ಥೆಯನ್ನು ವಿಡಿಯೊ ಮಾಡಿ ನೆಂಟರಿಗೆ ಕಳಿಸುತ್ತಿದ್ದ. ಜೊತೆಗೆ ಬಂದವರು ಕಿಸಕ್ಕನೆ ನಗುತ್ತಿದ್ದರು.

ಶರೀಫುನ್ನೀಸಾ ಫೋನಿಗೆ ಅಡ್ಡ ಬಂದು ನಿಂತಳು. "ಫೋನ್ ಒಳೀಕ್ ಮಡಗ್ಲಾ! ನಿಮ್ಮವ್ವನ್ ಸೀರೆ ಸರಿ ಮಾಡು ಮೊದ್ಲು."

ಡ್ಯೂಟಿ ಡಾಕ್ಟರು ಬಾಗಿಲಲ್ಲೇ ನಿಂತು, "ವಯಸ್ಸಾಗಿದೆ, ಮರೆವಿನ ಕಾಯಿಲೆ. ನಿದ್ದೆ ಇಂಜೆಕ್ಷನ್ ಕೊಡಿ," ಎಂದರು.

"ಮರೆವು ಮೂರು ದಿನದಲ್ಲಿ ಬರಲ್ಲ ಸರ್. ಹತ್ತು ನಿಮಿಷ ತಡೀರಿ."

ಅವಳು ಹಗ್ಗ ಬಿಚ್ಚಿ ಬೆರಳು ಮಡಚತೊಡಗಿದಳು. ಉಸಿರು, ಸಕ್ಕರೆ ಸರಿಯಿತ್ತು. ಜ್ವರ ಇರಲಿಲ್ಲ. "ಮಾತ್ರೆ ಏನ್ ಕೊಟ್ರಿ?"

"ಮೈ ಕಡಿತ ಅಂತಿದ್ಲು. ಅಂಗ್ಡೀಲಿ ಮಾತ್ರೆ ತಂದ್ಕೊಟ್ಟೆ. ನುಂಗುದ್ರೆ ತೆಪ್ಪಗೆ ಮನೀಕತಾಳೆ ಅಂತ ಎಲ್ಡೆಲ್ಡು ಕೊಡ್ತಿದ್ದೊ."

"ಉಚ್ಚೆ ಯಾವಾಗ ಉಯ್ದಿದ್ದು?"

ಅವನು ಜೊತೆಯವರ ಮುಖ ನೋಡಿದ. ಯಾರಿಗೂ ಗೊತ್ತಿರಲಿಲ್ಲ. ಹೆತ್ತವಳನ್ನು ಮೂರು ದಿನ ಕಟ್ಟಿ ಹೊಗೆ ಹಾಕಿದವರಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ. ಶರೀಫುನ್ನೀಸಾ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟಳು. ಮಗುಚಿಟ್ಟ ಮಡಕೆಯಂತೆ ಗಟ್ಟಿಯಾಗಿತ್ತು.

ಡಾಕ್ಟರು ಕೈಗವಸು ಹಾಕಿಕೊಂಡರು. ನಳಿಕೆ ಒಳಗೆ ಹೋದದ್ದೇ ತಡ, ಒಂದೂವರೆ ಲೀಟರು ಚೀಲಕ್ಕೆ ಇಳಿಯಿತು. ಕಡಿತದ ಮಾತ್ರೆಯೇ ಉಚ್ಚೆ ಕಟ್ಟಿಸಿ ಬುದ್ಧಿಯನ್ನೂ ಕದಡಿತ್ತು. ಮಾತ್ರೆ ನಿಲ್ಲಿಸಿದ ಮೂರನೆಯ ಬೆಳಗ್ಗೆ ಪಟ್ಟಲಮ್ಮ ಕಾಫಿ ಕೇಳಿದಳು. ಆಮೇಲೆ, "ಮೂಗ್ಯಾಕವ್ವ ಇಂಗ್ ಉರೀತದೆ?" ಎಂದಳು. ಶರೀಫುನ್ನೀಸಾ ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು.

ಮನೆಗೆ ಕಳಿಸುವ ದಿನ ಶಿವರಾಜು ಆಟೋ ತಂದು ನಿಲ್ಲಿಸಿ, "ಗೊತ್ತಾಗ್ನಿಲ್ಲ ಕಣವ್ವ," ಎಂದು ಕಣ್ಣೊರೆಸಿಕೊಂಡ.

"ಈಗ ನೆಪ್ಪಾಯ್ತದೆ, ಒಟ್ಟೆ ನೋವು ಅಂತ ಬಡ್ಕಂಡೆ ಕಣ್ಲಾ. ಬಾಯಿಗೆ ಬಟ್ಟೆ ತುರುಕ್ದಲ್ಲ ನೀನು. ಓಗು, ನಾನು ಬಸ್ಸಲ್ ಬತ್ತೀನಿ."

ಅವನು ಸಿಸ್ಟರ್ ಏನಾದರೂ ಹೇಳಲಿ ಎಂಬಂತೆ ನೋಡಿದ. ಶರೀಫುನ್ನೀಸಾ ಅವನತ್ತ ತಿರುಗಲೂ ಇಲ್ಲ. ಮುದುಕಿಯ ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದಳು.