ಎದಿ ಗುಳಿಗಿ

ನನ್ನ ಎಡ ಮೊಲೆಯ ಎಕ್ಸ್‌ರೇ ಚಿತ್ರದಲ್ಲಿ ಒಂದು ಬಿಳಿ ಚುಕ್ಕೆ ಕಂಡಿತ್ತು. ರಾಯಚೂರಿನ ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಏನೂ ಇಲ್ಲದೆಯೂ ಇರಬಹುದು. ಆದರೆ ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಲೇಬೇಕು" ಎಂದರು. ಕ್ಯಾನ್ಸರ್ ಎಂಬ ಮಾತನ್ನು ಅವರೂ ಆಡಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ವಾರ ಬಯಾಪ್ಸಿ ಎಂದು ಗೊತ್ತುಮಾಡಿ, ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ತಯಾರಿ ಹೇಳಿದಳು. ಆ ದಿನ ಪೌಡರ್ ಹಚ್ಚಬಾರದು. ಸೀರೆಯ ಜೊತೆ ಮುಂದೆ ಹುಕ್ ಇರುವ ಜಂಪರ್ ತೊಡಬೇಕು. ತಿಂದು ಬರಬೇಕು. ರಕ್ತ ತೆಳು ಮಾಡುವ ಗುಳಿಗೆ ನಡೆದಿದ್ದರೆ ಮೊದಲೇ ಹೇಳಬೇಕು. ನಾನು ತಲೆನೋವಿಗೂ ಗುಳಿಗೆ ನುಂಗುವವಳಲ್ಲ. ಇಷ್ಟೇ ತಾನೆ ಎಂದುಕೊಂಡು ಮಾನ್ವಿ ಬಸ್ಸು ಹತ್ತಿದೆ.

ಮನೆ ಮುಟ್ಟಿದ ಸಂಜೆಯೇ ನನ್ನ ಗಂಡ ದೇವದುರ್ಗದಲ್ಲಿದ್ದ ನನ್ನ ಅವ್ವನಿಗೆ ಫೋನ್ ಮಾಡಿದರು. ಅತ್ತೆಯ ಜೊತೆ ಆ ಮಾತು ಆಡುವುದು ಹೇಗೆ? "ಎದಿದು ಒಂದು ಪರೀಕ್ಷಾ ಅದ ರೀ ಅತ್ತಿ. ಸಣ್ಣದು. ಗಾಬರಿ ಆಗಬ್ಯಾಡ್ರಿ" ಎಂದರು. ಕೇಳಿದವರಿಗೆಲ್ಲ ಅದನ್ನೇ ಹೇಳಿದರು. ನಮ್ಮ ಭಾಷೆಯಲ್ಲಿ ಎದೆ ಎಂದರೆ ಗುಂಡಿಗೆಯೂ ಹೌದು, ಪಕ್ಕೆಲುಬಿನ ಗೂಡೂ ಹೌದು, ಧೈರ್ಯವೂ ಹೌದು, ಇದೂ ಹೌದು. ಕೇಳಿದವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಎಲ್ಲರೂ ಗುಂಡಿಗೆಯನ್ನೇ ಆರಿಸಿಕೊಂಡರು.

ಮರುದಿನದಿಂದ ಉಪದೇಶ ಶುರುವಾಯಿತು. ಪಕ್ಕದ ಮನೆಯಾಕೆ ಬಂದು, ಎಣ್ಣೆ ಬಿಡು, ಮಿರ್ಚಿ ಭಜಿಯ ಕಡೆ ಕಣ್ಣೆತ್ತಿಯೂ ನೋಡಬೇಡ ಎಂದಳು. ನಾನು ವಿಜ್ಞಾನ ಕಲಿಸುವ ಹೈಸ್ಕೂಲಿಗೂ ಸುದ್ದಿ ಮುಟ್ಟಿತ್ತು. ಹೆಡ್‌ಮಾಸ್ತರರು ಬಾಗಿಲಲ್ಲೇ ತಡೆದು, "ಮೇಡಂ, ನೀವು ಮೆಟ್ಟಲ ಹತ್ತಬ್ಯಾಡ್ರಿ. ನಿಮ್ಮ ಒಂಬತ್ತನೇ ಕ್ಲಾಸ್ ಕೆಳಗ ತಂದೀನಿ" ಎಂದರು. ಅವರ ಮನಸ್ಸು ಒಳ್ಳೆಯದು. ಆದರೆ ನನಗೆ ಮೈಯೆಲ್ಲ ಉರಿಯಿತು. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 'ಸಸ್ತನಿಗಳು' ಎಂದು ಬರೆದು, ಯಾಕೆ ಆ ಹೆಸರು ಬಂತು ಎಂದು ಗಂಟಲು ಬಿಚ್ಚಿ ಹೇಳುವವಳು ನಾನು. ಅದೇ ಗಂಟಲಿನಿಂದ, "ಸರ್, ಗುಂಡಿಗೆ ಅಲ್ಲ" ಎನ್ನಲು ಆಗಲಿಲ್ಲ. ಸುಮ್ಮನೆ ಕೆಳಗಿನ ಕೋಣೆಗೆ ಹೋಗಿ ಹಾಜರಿ ಕೂಗಿದೆ.

ಜಂಪರಿನದು ಬೇರೆ ಕಾಟ. ಮಗಳ ಮಾತು ಕೇಳಿ ಈಚೆಗೆ ಎಲ್ಲಕ್ಕೂ ಹಿಂದೆ ಹುಕ್ ಹಾಕಿಸಿದ್ದೆ. ಮುಂದಿನ ಹುಕ್ಕಿನದು ಒಂದು ಅರ್ಜೆಂಟಾಗಿ ಬೇಕು ಎಂದಾಗ ಹೊಲಿಯುವಾಕೆ ಅಳತೆಯ ಟೇಪು ಹಿಡಿದುಕೊಂಡೇ ನಕ್ಕಳು. "ಯಾಕ್ರಿ ಟೀಚರ್, ಮನ್ಯಾಗ ಕೂಸು ಬರಾಕತ್ತಾದೇನು?" ನನ್ನ ಮಗಳು ಕಾಲೇಜಿಗೆ ಹೋಗುತ್ತಾಳೆ ಎಂಬುದು ಆಕೆಗೂ ಗೊತ್ತು. ಬಸ್ಸಿನಲ್ಲಿ ಕೂಸು ಅತ್ತರೆ, "ಮೊಲಿ ಕೊಡವಾ ಅದಕ್ಕ" ಎಂದು ಹಿಂದಿನ ಸೀಟಿನಿಂದ ಕೂಗಿ ಹೇಳುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಕೂಸು ಬೆಳೆದು ದೊಡ್ಡದಾದ ಮೇಲೆ ಆ ಮಾತು ನಮ್ಮ ಬಾಯಿಂದ ಹೋಗಿಬಿಡುತ್ತದೆ. ಅಂಗಕ್ಕೆ ರೋಗ ಬರಬಹುದಂತೆ, ಹೆಸರು ಮಾತ್ರ ಹೇಳಬಾರದಂತೆ.

ಇಷ್ಟರಲ್ಲಿ ಅವ್ವ ಸಿರವಾರದಲ್ಲಿ ಬಸ್ ಬದಲಿಸಿ ಬಂದಿಳಿದಳು. ಕೈಯಲ್ಲಿ ಕಟಿರೊಟ್ಟಿ, ಶೇಂಗಾ ಹಿಂಡಿ. ಸೊಂಟದಲ್ಲಿ ಎಂದಿನ ಎಲೆ ಅಡಿಕೆಯ ಚಂಚಿ. ಹೊಲದ ಕೂಲಿ ಮಾಡಿ ನನ್ನನ್ನು ಓದಿಸಿದವಳು, ಕೂತು ಉಂಡವಳಲ್ಲ. ಬಂದವಳೇ ನನ್ನ ಕೈಯಿಂದ ಕೊಡ ಕಸಿದುಕೊಂಡಳು, ಕಸಬರಿಗೆ ಕಸಿದುಕೊಂಡಳು. ಅವಳಿಗೂ ಒಂದು ವರ್ಷದಿಂದ 'ಎದಿ ಹಿಡೀತದ' ಎಂಬ ದೂರು ಇತ್ತು. ಗ್ಯಾಸ್ ಇರಬೇಕೆಂದು ನಾವು ಹೋದಾಗಲೆಲ್ಲ ಸೋಡಾ ಕುಡಿಸಿದ್ದೆವು. ಊಟ ಆದ ಮೇಲೆ ಚಂಚಿಯಲ್ಲಿ ಬೆರಳಾಡಿಸಿ ನನ್ನ ಅಂಗೈಗೆ ಒಂದು ಸಣ್ಣ ಗುಳಿಗೆ ಹಾಕಿದಳು. "ನುಂಗು. ರಕ್ತಕ್ಕ ಛಲೋ ಅದ."

ಆಸ್ಪತ್ರೆಯವರು ಹಂಚುವ ಕಬ್ಬಿಣದ ಗುಳಿಗೆ ಇರಬೇಕೆಂದುಕೊಂಡೆ. ವಿಜ್ಞಾನದ ಟೀಚರ್ ಕೇಳದೆ ನುಂಗಿದಳೇ ಎಂದರೆ, ಹೌದು, ನುಂಗಿದೆ. ಅವ್ವ ಅಂಗೈಗೆ ಹಾಕಿದ್ದನ್ನು ನಾನು ಎಂದೂ ಕೇಳಿ ನುಂಗಿದವಳಲ್ಲ. ದಿನಾ ಒಂದು ಕೊಟ್ಟಳು. ನನ್ನ ಲಕ್ಷ್ಯವೆಲ್ಲ ಆ ಚುಕ್ಕೆಯ ಮೇಲಿತ್ತು. ಸ್ನಾನಕ್ಕೆ ನಿಂತರೆ ಕೈ ಅಲ್ಲಿಗೇ ಹೋಗುತ್ತಿತ್ತು, ಮುಟ್ಟಲು ಹೆದರಿಕೆ, ಮುಟ್ಟದಿದ್ದರೂ ಹೆದರಿಕೆ. ಒಮ್ಮೆ ಸೂಜಿ ಹಾಕಿ ಏನು ಅಂತ ಹೇಳಿಬಿಡಲಿ, ಮುಂದಿನದು ಮುಂದೆ ಎಂದು ಆ ದಿನಕ್ಕೇ ಕಾಯುತ್ತಿದ್ದೆ.

ಆ ದಿನ ಪೌಡರ್ ಇಲ್ಲದ ಮುಖ, ಹೊಸ ಜಂಪರ್. ಗಂಡನಿಗೆ ರಜೆ ಸಿಗಲಿಲ್ಲ, ಅವ್ವನೇ ಜೊತೆಗೆ ಬಂದಳು. ಕಲ್ಲೂರು ದಾಟುವ ಹೊತ್ತಿಗೆ ಬೆವರಿನಿಂದ ಬೆನ್ನು ತೊಯ್ದಿತ್ತು. ಆಸ್ಪತ್ರೆಯಲ್ಲಿ ಸಿಸ್ಟರ್ ಮತ್ತೆ ಕೇಳಿದಳು, "ರಕ್ತ ತೆಳು ಮಾಡೋ ಗುಳಿಗಿ ಏನರ ತಗೊಂಡೀರೇನ್ರಿ?"

"ಇಲ್ರಿ" ಎಂದೆ.

"ಯಾಕ ಇಲ್ಲ?" ಎಂದಳು ಪಕ್ಕದಲ್ಲಿ ಕೂತ ಅವ್ವ. "ದಿನಾ ಒಂದು ನಾನ ಕೊಡಾಕತ್ತೀನಿ. ಎದಿ ಗುಳಿಗಿ. ನಮ್ಮೂರ ಡಾಕ್ಟರು ನನಗ ಬರದು ಕೊಟ್ಟಿದ್ದು, ನನಗೂ ಎದಿ ಬ್ಯಾನೀನ ಅದ." ಚಂಚಿಯಿಂದ ಗುಳಿಗೆಯ ಪಟ್ಟಿ ತೆಗೆದು ಸಿಸ್ಟರ್ ಕೈಗೆ ಕೊಟ್ಟಳು. ಕೊಡುವಾಗ ಅವಳ ಮುಖದಲ್ಲಿ ದೊಡ್ಡ ಉಪಕಾರ ಮಾಡಿದ ಸಮಾಧಾನ ಇತ್ತು.

ಡಾಕ್ಟರಮ್ಮ ಪಟ್ಟಿ ಓದಿ ತಲೆ ಅಲ್ಲಾಡಿಸಿದರು. "ಇದು ರಕ್ತ ತೆಳು ಮಾಡೋದೇ. ಇದು ನಡೆದಿರುವಾಗಲೇ ಸೂಜಿ ಹಾಕುವವರೂ ಇದ್ದಾರೆ, ನಾನು ಹಾಕುವುದಿಲ್ಲ. ನಿಲ್ಲಿಸಿ, ಮುಂದಿನ ವಾರ ಬನ್ನಿ" ಎಂದರು.

ಇನ್ನೂ ಒಂದು ವಾರ. ಹೊರಗೆ ಬೆಂಚಿನ ಮೇಲೆ ಕುಸಿದು ಕೂತೆ. ಗಂಡನ ಮೇಲೆ, ಹೆಡ್‌ಮಾಸ್ತರರ ಮೇಲೆ, ನನ್ನ ಮೇಲೆ ಬಂದ ಸಿಟ್ಟೆಲ್ಲ ಒಟ್ಟಾಗಿ ಅವ್ವನ ಮೇಲೆ ಬಿತ್ತು. "ಯವ್ವಾ, ನನಗ ಎದಿ ಬ್ಯಾನಿ ಅಂತ ಯಾರು ಹೇಳಿದ್ರು ನಿನಗ? ನನ್ನ ಗುಂಡಿಗಿ ಗಟ್ಟಿ ಅದ. ಮೊಲ್ಯಾಗ ಗಂಟು ಅದ. ಮೊಲ್ಯಾಗ. ತಿಳೀತೇನು?" ಕಾರಿಡಾರಿನಲ್ಲಿ ಕೂತವರು ಮೊಬೈಲಿನಿಂದ ತಲೆ ಎತ್ತಿದರು. ಎತ್ತಲಿ ಎಂದುಕೊಂಡೆ.

ಅವ್ವ, ಡಾಕ್ಟರಮ್ಮ ತಿರುಗಿ ಕೊಟ್ಟಿದ್ದ ಗುಳಿಗೆಯ ಪಟ್ಟಿಯನ್ನು ಮಡಚಿದಳು, ಮತ್ತೆ ಬಿಡಿಸಿದಳು. ಸೆರಗನ್ನು ಇನ್ನಷ್ಟು ಎಳೆದುಕೊಂಡು, "ನನಗೂ ಅಲ್ಲೇ ಅದ, ಯವ್ವಾ" ಎಂದಳು. "ಮೊದಲ ಕಡಲಿ ಕಾಳಿನಷ್ಟು ಇತ್ತು. ಈಗ ದೊಡ್ಡದಾಗ್ಯಾದ."

"ಡಾಕ್ಟರು ಮುಟ್ಟಿ ನೋಡಲಿಲ್ಲೇನು?"

"ಎದಿ ನೋಯ್ತದ ಅಂದೆ. ಸೀರಿ ಮ್ಯಾಲೆ ಕೊಳವಿ ಇಟ್ಟು ನೋಡಿದ್ರು, ಗುಳಿಗಿ ಬರದ್ರು. ಗಂಡಸರ ಮುಂದ ಮತ್ತೇನು ಹೇಳಲಿ?"

ಒಂದು ವರ್ಷ. ನಾವು ಸೋಡಾ ಕುಡಿಸಿದ್ದೆವು. ನನ್ನ ಕಣ್ಣಲ್ಲಿ ನೀರು ಬಂತು. ಅಳುತ್ತ ಕೂರುವ ಹೊತ್ತು ಅದಾಗಿರಲಿಲ್ಲ. ಅವ್ವನ ರಟ್ಟೆ ಹಿಡಿದು ಎಬ್ಬಿಸಿ, ಚೀಟಿ ಮಾಡಿಸುವ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತೆ. ಒಳಗೆ ಕೂತಾತ ಹೆಸರು, ವಯಸ್ಸು, ಊರು ಕೇಳಿದ. ನಾನೇ ಹೇಳಿದೆ.

"ಏನು ತ್ರಾಸ?" ಎಂದ ಆತ, ತಲೆ ಎತ್ತದೆ.

ನಾನು ಬಾಯಿ ತೆರೆಯುವ ಮೊದಲೇ ಅವ್ವ ನನ್ನನ್ನು ಸರಿಸಿ, ಕಿಟಕಿಯ ಸರಳು ಹಿಡಿದು ಬಗ್ಗಿದಳು.

"ಯಪ್ಪಾ, ಎದಿ ಅಂತ ಬರೀಬ್ಯಾಡ್ರಿ" ಎಂದಳು.