ಹಿಂದಿನ ಜೇಬಿನ ಬೀಗದ ಕೈ

ಹೋದ ವಾರ ಅಂಗಡಿಯ ಅಟ್ಟ ಖಾಲಿ ಮಾಡಿಸುವಾಗ ಹಳೆಯ ಚಾದರದ ಮಡಿಕೆಯೊಳಗಿಂದ ಒಂದು ರಟ್ಟಿನ ಕಾರ್ಡು ಜಾರಿ ಬಿತ್ತು. ಎತ್ತಿಕೊಂಡಾಗ ನುಸಿಗುಳಿಗೆಯ ವಾಸನೆ, ಅದರಡಿ ಎಲ್ಲೋ ಕಪ್ಪು ಶಾಯಿಯ ವಾಸನೆ… ಇಷ್ಟು ವರ್ಷ ಶಾಯಿಯ ವಾಸನೆ ಉಳಿಯುವುದಿಲ್ಲವೆಂದು ನನಗೆ ಗೊತ್ತು. ಆದರೂ ಬಂತು. ಕಾರ್ಡಿನ ಮೇಲೆ ಪೊಲೀಸ್ ಟೊಪ್ಪಿಗೆ ಹಾಕಿದ ಒಂದು ಗೂಬೆ. ಮುಖವಿಲ್ಲ, ಬೆನ್ನು ಮಾತ್ರ. ಕೆಳಗೆ ಯಾರ ಹೆಸರೂ ಇಲ್ಲ.

ಎಪ್ಪತ್ತರ ದಶಕದ ಮಾತು. ಆಗ ನನಗೆ ಅಂಗಡಿ ಇರಲಿಲ್ಲ, ಹೆಗಲಿತ್ತು. ಸೋಲಾಪುರದ ಚಾದರ ಹೊತ್ತು ಹೋಟಗಿ, ಅಕ್ಕಲಕೋಟೆ ಎಂದು ತಿರುಗಿ ಮಾರುತ್ತಿದ್ದೆ. ಒಂದು ದೀಪಾವಳಿ ರಜೆಯಲ್ಲಿ ಅಕ್ಕಲಕೋಟೆಯ ವಾಚನಾಲಯದ ಮುಂದೆ ದೊಡ್ಡ ಸಾಲು ಕಂಡೆ. ಸಾಲು ಕಂಡರೆ ಮೊದಲು ನಿಲ್ಲಬೇಕು, ಏನು ಮಾರುತ್ತಾರೆಂದು ಆಮೇಲೆ ಕೇಳಬೇಕು. ಹೊಸದಾಗಿ ವ್ಯಾಪಾರಕ್ಕಿಳಿಯುವವರಿಗೆ ಇವತ್ತಿಗೂ ನಾನು ಹೇಳುವ ಮಾತು ಇದು.

ಒಳಗೆ ವಾಚಕರ ಮೇಳಾವ, ಅಂದರೆ ಓದುಗರ ಕೂಟ. ನಮ್ಮ ಕಡೆ ಮನೆಮನೆಗೂ ಬರುತ್ತಿದ್ದ ಮರಾಠಿ ಚಿತ್ರಕಥೆಯ ಮಾಸಿಕವೊಂದರಲ್ಲಿ ಗೂಬೆ ಹವಾಲ್ದಾರನೆಂಬ ಪತ್ತೇದಾರನಿದ್ದ. ಅವನನ್ನು ಬರೆಯುವ ಚಿತ್ರಗಾರರು ಮುಂಬೈಯಿಂದ ಬಂದು ಮೇಜಿನ ಹಿಂದೆ ಕೂತು, ಕೇಳಿದವರಿಗೆ ಕಣ್ಣೆದುರೇ ಗೂಬೆ ತೆಗೆದುಕೊಡುತ್ತಿದ್ದರು. ಬಾಗಿಲಲ್ಲಿ ಕರಿಹಲಗೆ. ಅದರ ಮೇಲೆ ಸುಣ್ಣದ ಕಡ್ಡಿಯಲ್ಲಿ ದೊಡ್ಡದಾಗಿ ಅವರ ಹೆಸರು, ಕೆಳಗೆ ದರ: ಚಿತ್ರಕ್ಕೆ ಎರಡು ರೂಪಾಯಿ, ಸಹಿಗೆ ಬೇರೆ ಒಂದು. ನಾನು ದರ ಮಾತ್ರ ಓದಿದೆ.

ಸಂಶಯ ಅಲ್ಲೇ ಶುರುವಾಯಿತು. ಸಹಿಗೆ ಬೇರೆ ರೊಕ್ಕವೆಂದರೆ ಚಾದರ ಮಾರಿ ಅಂಚಿಗೆ ಬೇರೆ ರೊಕ್ಕ ಕೇಳಿದ ಹಾಗೆ. ಮಾಲು ನೋಡುವ ಮೊದಲು ಮಾರುವವನನ್ನು ನೋಡುವುದು ನನ್ನ ರೀತಿ. ನೋಡಿದೆ. ಕೋಟಿನ ತೋಳಿನಂಚನ್ನು ಎರಡನೇ ಸಲ ಮಡಚಿ ಹೊಲಿದಿತ್ತು. ಮೇಲಾಗಿ ಮನುಷ್ಯ ವಿಜಾಪುರದ ಸಂತೆಯವರ ಹಾಗೆ ಕನ್ನಡ ಮಾತಾಡುತ್ತಿದ್ದರು. ಮುಂಬೈಯ ಮರಾಠಿ ಮಾಸಿಕದವರು ನಮ್ಮ ಹಾಗೆ ಮಾತಾಡುವುದುಂಟೇ?

ಆದರೂ ಸೋಲಾಪುರದ ವ್ಯಾಪಾರಸ್ಥರ ಮನೆಗಳಲ್ಲಿ ಇವು ಐದೈದು ರೂಪಾಯಿಗೆ ಹೋಗುತ್ತವೆ ಎನಿಸಿತು. ನನ್ನ ಸರದಿ ಬಂದಾಗ ಮೂರು ಬೇಕೆಂದೆ. ಅವರು ಪ್ರತಿ ಚಿತ್ರದ ಕೆಳಗೂ ಕೊಂಡವರ ಹೆಸರು ಬರೆಯುತ್ತಿದ್ದರು. ನನಗೆ ಅದು ಬೇಡ ಎಂದೆ.

"ಹೆಸರಿಲ್ಲದ ಚಿತ್ರ ನಾ ಕೊಡಂಗಿಲ್ಲ. ಹೆಸರ ಬರದ್ರ ಮನ್ಯಾಗ ಇರ್ತದ, ಇಲ್ಲಂದ್ರ ಬಜಾರಿಗೆ ಹೋಗ್ತದ," ಎಂದರು.

"ಹಂಗಾರ ಸಿದ್ರಾಮ ಅಂತ ಬರೀರಿ. ಮೂರಕ್ಕೂ."

"ಮೂರೂ ಮಂದಿ ಸಿದ್ರಾಮರೇನು?"

"ಸೋಲಾಪುರದಾಗ ಕಲ್ಲ ಒಗದ್ರ ಸಿದ್ರಾಮನ ತಲಿಗೇ ಬೀಳ್ತದ್ರಿ."

"ಹಂಗಾರ ಕಲ್ಲ ಒಗ್ಯಾಂವನ ಹೆಸರ ಹೇಳಪಾ, ಅದನ್ನ ಬರೀತೀನಿ."

ಸಾಲಿಗೆ ಸಾಲೇ ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ನಾಲ್ಕು ಜನರೆದುರು ನಗೆಗೀಡಾದವನು ಸುಮ್ಮನೆ ಹೋದರೆ ಮತ್ತೆ ಆ ಊರಲ್ಲಿ ಚೌಕಾಸಿ ಮಾಡುವ ಹಾಗಿಲ್ಲ ಎಂದು ಆಗ ನಂಬಿದ್ದೆ. ಎಲ್ಲರಿಗೂ ಕೇಳಿಸುವಂತೆ ಹೇಳಿದೆ: "ನನ್ನ ಹೆಸರ ಇರ್ಲಿ ಸಾಹೇಬ್ರ. ಗೂಬಿ ತಗಿಯಾಂವ್ರು ನೀವ ಅಂತ ಏನ ಖಾತ್ರಿ? ಪುಸ್ತಕದಾಗ ನಿಮ್ಮ ಹೆಸರ ಇಲ್ಲಲ್ಲ."

ಅದು ನಿಜವೇ. ಆ ಮಾಸಿಕದಲ್ಲಿ ಚಿತ್ರಗಾರರ ಹೆಸರು ಎಂದೂ ಅಚ್ಚಾಗಿರಲಿಲ್ಲ. ಅವರಿಗೊಂದು ಹೆಸರು ಅಂತ ಇದ್ದದ್ದು ಆ ಒಂದು ದಿನ, ಆ ಹಲಗೆಯ ಮೇಲೆ. ಇದು ನನಗೆ ಹೊಳೆದದ್ದು ಬಹಳ ತಡವಾಗಿ…

ನಗು ನಿಂತಿತು. ಸಾಲಿನಲ್ಲಿದ್ದ ಹೆಂಗಸೊಬ್ಬಳು, "ಖರೇನ ಅದ ನೋಡ್ರಿ. ಒಂದ್ ಫೋಟೋ ಸುದ್ದಾ ಬಂದಿಲ್ಲ," ಎಂದಳು. ಅವರನ್ನು ಕರೆಸಿದ್ದ ವಾಚನಾಲಯದ ಕಾರ್ಯದರ್ಶಿಯೇ ಕಿಟಕಿಯತ್ತ ಮುಖ ತಿರುಗಿಸಿದರು.

ಚಿತ್ರಗಾರರು ಸಿಟ್ಟಾಗಲಿಲ್ಲ. "ಏನ ತಗದ್ರ ನಂಬ್ತಿ?" ಎಂದರು.

"ಬೆನ್ನ ತಗೀರಿ," ಎಂದೆ. ಮಾಸಿಕದಲ್ಲಿ ಗೂಬೆಯ ಬೆನ್ನನ್ನು ಯಾರೂ ಕಂಡಿರಲಿಲ್ಲ. ನೋಡಿ ನಕಲು ಮಾಡುವವನಾದರೆ ಇಲ್ಲಿ ತಡವರಿಸುತ್ತಾನೆ.

ಅವರ ಲೇಖನಿ ತಡೆಯಲೇ ಇಲ್ಲ. ಟೊಪ್ಪಿಗೆ, ರೆಕ್ಕೆ, ಖಾಕಿ ಚಡ್ಡಿ. ಕೊನೆಗೆ ಹಿಂದಿನ ಜೇಬಿನಿಂದ ದಾರದಲ್ಲಿ ಇಳಿಬಿದ್ದ ಒಂದು ಬೀಗದ ಕೈ.

"ಇದೇನ್ರಿ?"

"ಮೊದಲಿಂದ ಐತಿ. ಹಿಂದ ಹೋಗಿ ಯಾರೂ ನೋಡಿಲ್ಲ, ಅಷ್ಟ."

ಸುಳ್ಳು ಹೇಳುವವನು ಮಾತು ಮುಗಿದ ಮೇಲೂ ಇನ್ನೆರಡು ಮಾತು ಸೇರಿಸುತ್ತಾನೆ. ಇವರು ಸೇರಿಸಲಿಲ್ಲ. ನನಗೆ ತಿಳಿಯಬೇಕಿತ್ತು, ತಿಳಿದೂ ಇತ್ತೋ ಏನೋ… ಆದರೆ ಸಾಲು ನನ್ನ ಬಾಯಿಯನ್ನೇ ನೋಡುತ್ತಿತ್ತು. "ಯಾರೂ ನೋಡದ್ದನ್ನ ಯಾರರೆ ತಗೀಬಹುದಲ್ರಿ," ಎಂದು ಎರಡು ರೂಪಾಯಿ ಮೇಜಿನ ಮೇಲಿಟ್ಟೆ.

ಅವರು ಸಹಿಗೆಂದು ಮತ್ತೆ ಲೇಖನಿ ಎತ್ತಿದರು. "ಇದಕ್ಕ ರೊಕ್ಕ ಬ್ಯಾಡ."

"ಸಹಿನೂ ಬ್ಯಾಡ್ರಿ. ಪುಕಟ್ ಮಾಲಿನ ಮ್ಯಾಲ ನನಗ ಭರೋಸಾ ಇಲ್ಲ," ಎಂದು ಕಾರ್ಡನ್ನು ಎಳೆದುಕೊಂಡೆ. ಹೊರಗೆ ಬಂದು ಚಾದರದ ಗಂಟು ಹೆಗಲಿಗೇರಿಸಿ ತಿರುಗಿ ನೋಡಿದರೆ, ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ನನ್ನ ಹಿಂದೆಯೇ ಮೆಟ್ಟಿಲಿಳಿಯುತ್ತಿದ್ದರು. ಮೇಜಿನ ಮುಂದೆ ಯಾರೂ ಉಳಿದಿರಲಿಲ್ಲ.

ಆ ಕಾರ್ಡು ಸೋಲಾಪುರದಲ್ಲಿ ಮಾರಾಟವಾಗಲಿಲ್ಲ. ಮುಖವಿಲ್ಲದ ಗೂಬೆ ಯಾರಿಗೆ ಬೇಕು?

ಮರುವರ್ಷ ಒಂದು ಮನೆಯ ಪಡಸಾಲೆಯಲ್ಲಿ ಚಾದರ ಬಿಚ್ಚಿ ತೋರಿಸುತ್ತಿದ್ದಾಗ ಆ ಮಾಸಿಕದ ಹೊಸ ಸಂಚಿಕೆ ಕಣ್ಣಿಗೆ ಬಿತ್ತು. ಕೊನೆಯ ಪುಟದಲ್ಲಿ ಗೂಬೆ ಹವಾಲ್ದಾರ ನೌಕರಿ ಮುಗಿಸಿ ಊರು ಬಿಟ್ಟು ಹೋಗುತ್ತಿದ್ದ, ನಮಗೆ ಬೆನ್ನು ಮಾಡಿ. ಹಿಂದಿನ ಜೇಬಿನಿಂದ ದಾರದಲ್ಲಿ ಬೀಗದ ಕೈ ಇಳಿಬಿದ್ದಿತ್ತು. ಕೆಳಗೆ ಚಿಕ್ಕ ಅಕ್ಷರದಲ್ಲಿ, ನಮ್ಮ ಚಿತ್ರಗಾರರು ತೀರಿಕೊಂಡದ್ದರಿಂದ ಕಥೆ ಇಲ್ಲಿಗೆ ಮುಗಿಯಿತು ಎಂದಿತ್ತು. ಅಲ್ಲಿಯೂ ಹೆಸರಿಲ್ಲ. ನಾನು ಆ ದಿನ ಚಾದರಕ್ಕೆ ಮನೆಯವರು ಕೇಳಿದ ಬೆಲೆಗೇ ಹೂಂ ಅಂದು ಎದ್ದು ಬಂದೆ. ಆಮೇಲೆ ಅಕ್ಕಲಕೋಟೆಗೆ ಹೋದಾಗ ವಾಚನಾಲಯದ ಹಲಗೆ ನೋಡಿದೆ. ಅದರ ಮೇಲೆ ಬೇರೆ ಯಾವುದೋ ಸಭೆಯ ಸುದ್ದಿ ಇತ್ತು. ಚಿತ್ರಗಾರರ ಹೆಸರು ಕೇಳಿದರೆ ಕಾರ್ಯದರ್ಶಿಯವರು, "ಯಾರದ ಕೇಳ್ತಿ, ಆ ಖೋಟಾ ಮನುಷ್ಯಾನ ಸುದ್ದಿ ಏನು?" ಎಂದರು.

ನಿನ್ನೆ ಹಳೆಯ ಚಿತ್ರಗಳನ್ನು ಕೊಳ್ಳುವ ತರುಣ ವ್ಯಾಪಾರಿಯೊಬ್ಬನನ್ನು ಕರೆಸಿದ್ದೆ. ಮಾರಲಿಕ್ಕಲ್ಲ, ಅವನಿಗಾದರೂ ಹೆಸರು ಗೊತ್ತಿದ್ದೀತೆಂದು. "ಗೂಬಿ ತಗಿಯಾಂವ್ರು ಅಂತ ಅಷ್ಟ ಅಂತಾರ ಕಾಕಾ, ಹೆಸರ ಯಾರಿಗೂ ಗೊತ್ತಿಲ್ಲ," ಎಂದ. ಕಾರ್ಡನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದ. "ಸಹಿ ಎಲ್ಲಿ ಅದ? ಇದು ಅವರದ ಅಂತ ಏನ ಖಾತ್ರಿ?"

ಬೀಗದ ಕೈ ತೋರಿಸಿದೆ. ಯಾರರೆ ತಗದಿರಬಹುದು ಎಂದು ನಕ್ಕು, ಚಹಾ ಕುಡಿದು ಹೋದ. ಒಳ್ಳೆಯ ವ್ಯಾಪಾರಿಯಾಗುತ್ತಾನೆ. ಅವನಿಗೊಂದು ಬುದ್ಧಿಮಾತು ಹೇಳಬೇಕೆಂದಿದ್ದೆ, ಬಾಯಿಯವರೆಗೆ ಬಂದು ಹಾಗೇ ಒಳಗೆ ಹೋಯಿತು.

ಕಾರ್ಡು ಈಗ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿದೆ. ಆ ಕೈ ಯಾವ ಬೀಗದ್ದು ಎಂದು ಅವತ್ತು ಅವರನ್ನೇ ಕೇಳಬಹುದಿತ್ತು. ಕೇಳುವುದಕ್ಕೆ ಹಲಗೆಯ ಮೇಲೆ ದರ ಬರೆದಿರಲಿಲ್ಲ…